ಬಿಳಿ ಬೀದಿ

"ನಮ್ಮ ಬೀದಿ ಎಲ್ಲಿದೆಯಕ್ಕಾ?" ಗ್ಯಾರೇಜಿನ ಎಣ್ಣೆ ಬಟ್ಟೆಯಲ್ಲೇ ಓಡಿ ಬಂದಿದ್ದ ತಮ್ಮ, ಅಕ್ಕನ ಆಫೀಸಿನ ಕಂಪ್ಯೂಟರಿಗೆ ಮೂಗು ತಾಗಿಸಿ ಕೇಳಿದ. ಪರದೆಯ ತುಂಬ ಊರಿನ ನಕ್ಷೆ. ಉಪಗ್ರಹದ ಕ್ಯಾಮೆರಾ ಈಗಷ್ಟೇ ಮೇಲೆ ಹಾದುಹೋಗುತ್ತ, ಗಾಳಿಯಲ್ಲಿರುವ ಹೊಗೆ-ಧೂಳು ಅಳೆದು ಕಳಿಸಿದ್ದು. ಹೊಗೆ ಹೆಚ್ಚಿದಷ್ಟೂ ಕೆಂಪು.

ಅಕ್ಕ ಬೆರಳಿಟ್ಟು ತೋರಿಸಿದಳು. ಕೆಂಪಿನ ನಡುವೆ, ಹಲ್ಲು ಬಿದ್ದ ಜಾಗದ ಹಾಗೆ, ಒಂದು ಬಿಳಿ ಚೌಕ.

"ಬಿಳೀನಾ? ಟಯರ್ ಸುಡೋ ಕುಲುಮೆಗೆ ಬೆನ್ನು ಕೊಟ್ಟು ಮಲಗೋರು ನಾವು! ಒಂದು ಮಾತಾಡೋಕೆ ಅಪ್ಪ ಮೂರು ಸಲ ಉಸಿರು ಎಳ್ಕೋತಾನೆ. ನಿನ್ನ ಉಪಗ್ರಹದ ಕಣ್ಣಿಗೇನು ಪೊರೆ ಬಂದಿದೆಯಾ?"

"ಬಿಳಿ ಅಂದ್ರೆ ಮೋಡ ಕಣೋ. ಮೋಡ ಇದ್ದ ಕಡೆ ಅದು ಅಳೆಯಲ್ಲ, ಬಿಟ್ಟುಬಿಡುತ್ತೆ."

"ಓಹೋ, ಮೋಡ ನಮ್ಮ ಬೀದೀಲಿ ಮಾತ್ರ ಬಾಡಿಗೆಗೆ ಇದೆಯಾ?"

ಅಕ್ಕನಿಗೆ ಆಗ ಹೊಳೆಯಿತು. ಒಂದು ಮಿತಿಗಿಂತ ದಟ್ಟವಾಗಿ ಕಂಡದ್ದನ್ನೆಲ್ಲ ಮೋಡವೆಂದು ಎತ್ತಿ ಎಸೆ ಎಂದು ಕಂಪ್ಯೂಟರಿಗೆ ಲೆಕ್ಕ ಬರೆದುಕೊಟ್ಟದ್ದು ಇದೇ ಕೋಣೆಯಲ್ಲಿ. ಮನುಷ್ಯರು ಬದುಕುವ ಜಾಗದಲ್ಲಿ ಅದಕ್ಕಿಂತ ಹೆಚ್ಚು ಹೊಗೆ ಇರಲಾರದು ಎಂದು ಏಸಿಯ ತಂಪಿನಲ್ಲಿ ಕೂತು ತೀರ್ಮಾನಿಸಿದ್ದರು, ಅವಳೂ ತಲೆಯಾಡಿಸಿದ್ದಳು. ಕೆಮ್ಮು ಬರುವ ಬೀದಿಗೆ ಕೆಂಪು ಬಣ್ಣ. ಉಸಿರೇ ನಿಲ್ಲುವ ಬೀದಿಗೆ ಬಿಳಿ! ಸಂಜೆ ಈ ನಕ್ಷೆ ಮೇಲಿನವರ ಕೈ ಸೇರುತ್ತದೆ. ಕೆಂಪು ಕಂಡಲ್ಲಿ ಕುಲುಮೆಗಳಿಗೆ ಬೀಗ. ಬಿಳಿಯತ್ತ ಯಾರೂ ತಿರುಗಿಯೂ ನೋಡುವುದಿಲ್ಲ.

"ಸರ್, ಇದು ಮೋಡ ಅಲ್ಲ, ಹೊಗೆ. ಗುರುತು ತೆಗೆದುಬಿಡ್ತೀನಿ," ಎಂದಳು ಪಕ್ಕದ ಮೇಜಿನ ಮುಖ್ಯಸ್ಥರಿಗೆ.

ಅವರು ಕನ್ನಡಕವನ್ನು ಹಣೆಗೇರಿಸಿದರು. ಕೆಟ್ಟವರಲ್ಲ, ನಿಯಮ ಬಿಟ್ಟು ಅಲುಗದವರು ಅಷ್ಟೇ. "ಹಾಗೆಲ್ಲ ಬರಲ್ಲಮ್ಮ. ಈಗ ಆ ಜಾಗದಲ್ಲಿ ಇರೋರು ಯಾರಾದ್ರೂ ಆಕಾಶ ನೋಡಿ, ಮೋಡ ಇಲ್ಲ ಅಂತ ಹೇಳ್ಬೇಕು."

"ನಮ್ಮಪ್ಪ ಹೇಳಿದ್ರೆ ಆಗುತ್ತಾ?"

"ಕಣ್ಣು ಕಾಣುತ್ತೆ ತಾನೇ? ಆಗುತ್ತೆ."

ತಮ್ಮ ಆಗಲೇ ಫೋನ್ ಮಾಡಿ ಸ್ಪೀಕರ್ ಹಾಕಿದ್ದ. "ಅಪ್ಪಾ, ಹೊರಗೆ ಹೋಗಿ ಮೇಲೆ ನೋಡು. ಮೋಡ ಇದೆಯಾ? ಇಲ್ಲ ಅಂದುಬಿಡು, ಅಷ್ಟೇ ಸಾಕು."

ಚಿಲಕ ತೆಗೆದ ಸದ್ದು. ಆಮೇಲೆ ಕೆಮ್ಮು. ಅದು ನಿಲ್ಲುವ ಹಾಗೆ ಕಾಣಲಿಲ್ಲ. ಮುಖ್ಯಸ್ಥರು ಕುರ್ಚಿಯಿಂದ ಎದ್ದೇ ನಿಂತರು.

"ನೋಡದೆ... ಇಲ್ಲ ಅಂತ ಹೆಂಗನ್ನಲಿ ಮಗಾ," ಅಪ್ಪನ ದನಿ ತುಂಡು ತುಂಡಾಗಿ ಬಂತು. "ಆಕಾಶಾನೇ ಕಾಣ್ತಿಲ್ಲ."

ಮುಖ್ಯಸ್ಥರು ಯಾರ ಮುಖವನ್ನೂ ನೋಡಲಿಲ್ಲ. ಬಗ್ಗಿ, ಮೋಡದ ಗುರುತನ್ನು ತಮ್ಮ ಕೈಯಾರೆ ಅಳಿಸಿದರು. ಬಿಳಿ ಚೌಕ ಒಣಗಿದ ರಕ್ತದ ಬಣ್ಣಕ್ಕೆ ತಿರುಗಿತು.

ಫೋನಿನಲ್ಲಿ ಅಪ್ಪ ಇನ್ನೂ ಇದ್ದ. "ಇಡಬೇಡ್ರೋ... ಗಾಳಿ ಒಂಚೂರು ಆ ಕಡೆ ತಿರುಗಲಿ. ನೋಡಿ ಹೇಳ್ತೀನಿ."