ಕೌದಿಯ ಹೊಟ್ಟೆಯೊಳಗೆ

ಹೊಲಿದದ್ದು ಸೊಸೆಗೆ ಗೊತ್ತಾಗಿಬಿಟ್ಟರೆ? ಮೊಮ್ಮಗುವಿನ ಕೌದಿಗೆಂದು ತೀರಿಹೋದ ಹೆಂಡತಿಯ ಸೀರೆಯ ತುಂಡು ಹಿಡಿದು ದರ್ಜಿ ಬಾಳಪ್ಪ ಅಳುಕುತ್ತಿದ್ದ. ಯಾರ ಹಳೆಬಟ್ಟೆ ಕೌದಿಗೆ ಸೇರುತ್ತದೋ ಅವರ ಗುಣವೇ ಹೊದ್ದ ಕೂಸಿಗೆ ಬರುತ್ತಿದ್ದ ಕಾಲವದು; ಎಲ್ಲರ ಮನೆಯಲ್ಲೂ ಬಟ್ಟೆ ಆರಿಸಿಯೇ ಹೊಲಿಯುತ್ತಿದ್ದರು.

“ಮಾವಾರ, ನಮ್ಮಪ್ಪಾರ ಧೋತರ ಹಾಕ್ರಿ. ಅತ್ತಿಯವರ ಸೀರಿ ಮಾತ್ರ ಬ್ಯಾಡ. ಅವರು ಸತ್ತವರ ಮನ್ಯಾಗೂ ನಗತಿದ್ರು,” ಎಂದಳು ಸೊಸೆ ಗೌರವ್ವ.

“ಹಾಕಂಗಿಲ್ಲ ಬಿಡವ್ವಾ.”

ಅವಳು ಒಳಗೆ ಹೋದದ್ದೇ ತಡ, ತುಂಡನ್ನು ಧೋತರದ ಅಡಿಗೆ ಸರಿಸಿ ಹೊಲಿದುಬಿಟ್ಟ.

ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ಸ್ವಾಮಿಗಳು ಗಂಭೀರವಾಗಿ ಹರಸುತ್ತಿದ್ದರೆ, ಕೌದಿಯೊಳಗಿಂದ ಅದು ಕಿಲಕಿಲ ನಕ್ಕಿತು.

“ಅಯ್ಯ! ನಮ್ಮಪ್ಪ ಒಂದಿನಾನೂ ನಕ್ಕಾಂವಲ್ರೀ!” ಗೌರವ್ವ ದಂಗಾದಳು.

“ಎಲ್ಲಾ ಕೂಡಿಟ್ಟಿರಬೇಕವ್ವಾ,” ಎಂದ ಬಾಳಪ್ಪ.

ಹೆಂಡತಿಯ ಆ ನಗುವಿಲ್ಲದೆ ತನಗೆ ಮನೆ ಬಿಕೋ ಎನ್ನುತ್ತಿತ್ತೆಂದು ಮಾತ್ರ ಅವನು ಯಾರಿಗೂ ಹೇಳಲಿಲ್ಲ.