ಓದಲು ಬಾರದವಳು

ಗೋಕಿಲಾಳಿಗೆ ಕನ್ನಡ ಓದಲು ಬರುವುದಿಲ್ಲ ಎಂಬುದರಲ್ಲಿ ಪುರಂದರ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅದನ್ನು ಈ ಭಾನುವಾರ ಎಲ್ಲರೆದುರು ತೋರಿಸಿಬಿಡಬೇಕೆಂದು ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡೇ ಬಂದಿದ್ದರು.

ಪೋತ್ತನೂರಿನ ಚೆನ್ನಕೇಶವನ್ ಮನೆಯಲ್ಲಿ ತಿಂಗಳಿಗೆರಡು ಭಾನುವಾರ ಬೆಳಿಗ್ಗೆ ಹಳೆಯ ದೆವ್ವದ ಕಥೆಗಳ ಓದು ನಡೆಯುತ್ತಿತ್ತು. ಚೆನ್ನಕೇಶವನ್ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರು, ಯಾರಿಗೂ ಎದುರು ಮಾತಾಡದ ಸಾಧು. ಬರುತ್ತಿದ್ದವರು ಹತ್ತು ಹನ್ನೆರಡು ಮಂದಿ. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ಕಂಡರೆ ಮಾತ್ರ ಓದಲು ಬಾರದೆ ಮುಖ ಆಚೆ ತಿರುಗಿಸುವವರು. ಹಾಗಾಗಿ ಓದುವ ಪೀಠ ಪುರಂದರ ಅವರದು. ಇನ್ಶೂರೆನ್ಸ್ ಕಂಪನಿಯಲ್ಲಿ ಅಧಿಕಾರಿಯಾಗಿದ್ದಾಗ ಅವರು ಮೈಸೂರಿನಲ್ಲಿ ಎರಡು ವರ್ಷ ಇದ್ದರು. ಆ ಎರಡು ವರ್ಷವನ್ನು ಇಪ್ಪತ್ತು ವರ್ಷದಿಂದ ಖರ್ಚು ಮಾಡುತ್ತಿದ್ದರು.

ಪುಸ್ತಕವೂ ಅವರದೇ. ಟೌನ್‌ಹಾಲ್ ಹತ್ತಿರ ಹಳೆ ಪುಸ್ತಕದ ರಾಶಿಯಲ್ಲಿ ಸಿಕ್ಕಿದ್ದು. "ಮಾರೋನಿಗೇ ಅದು ಏನು ಅಂತ ಗೊತ್ತಿರಲಿಲ್ಲ. ದುಂಡು ದುಂಡು ಅಕ್ಷರ ಕಂಡದ್ದೇ ತಡ, ಎತ್ಕೊಂಡೆ," ಎಂದು ಹೊಸಬರು ಬಂದಾಗಲೆಲ್ಲ ಹೇಳುತ್ತಿದ್ದರು. ಹಾಳೆ ಉದುರುತ್ತದೆಂದು ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಓದಲು ಕುಳಿತರೆ ಅವರ ಕೈ, ಕಣ್ಣು, ಹುಬ್ಬು ಎಲ್ಲವೂ ಕುಣಿಯುತ್ತಿದ್ದವು. ಪುಟ ತಿರುವುವುದನ್ನೂ ಮರೆಯುವಷ್ಟು ತಲ್ಲೀನತೆ. ಬಾವಿಕಟ್ಟೆಯ ದೆವ್ವ ಸೊಸೆಯನ್ನು ಹೆಸರು ಹಿಡಿದು ಕರೆಯುವಾಗ, ಕಾಲೇಜಿನಲ್ಲಿ ಪಾಠ ಹೇಳುವ ಪದ್ಮಪ್ರಿಯಾ ಕೂಡ ಸೆರಗು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು.

ಓದಿನ ಮೇಲೆ ಚರ್ಚೆ. ಪುರಂದರ ಅವರ ಕಣ್ಣಿಗೆ ಗೋಕಿಲಾ ಕಸವಾದದ್ದು ಅಲ್ಲೇ. ತಾಳವಾಡಿ ಬೆಟ್ಟದ ಕಡೆ ಹುಟ್ಟಿ ಬೆಳೆದು, ಪೊಳ್ಳಾಚಿಗೆ ಮದುವೆಯಾಗಿ ಬಂದು, ಈಗ ಗಂಡನ ಜೊತೆ ಇಲ್ಲಿ ತೆಂಗಿನಕಾಯಿ ಮಂಡಿ ನೋಡಿಕೊಳ್ಳುವವಳು. ಇಂಥವಳಿಗೆ ಸಾಹಿತ್ಯ ಬೇರೆ!

"ಸಾರ್, ಹೋದ ಸಲ ಇದೇ ಕಥೇಲಿ ದೆವ್ವ ಬಾಗಿಲಲ್ಲಿ ನಿಂತು ಮಜ್ಜಿಗೆ ಕೇಳ್ತಲ್ವಾ? ಇವತ್ತು ಸುಣ್ಣ ಕೇಳ್ತು," ಎಂದಿದ್ದಳು ಒಮ್ಮೆ.

"ಓದೋಕಂತೂ ಬರಲ್ಲ. ಕೇಳೋಕಾದ್ರೂ ಕಲೀಬಾರದೇನಮ್ಮಾ?" ಎಂದರು ಪುರಂದರ. ಎಲ್ಲರೂ ನಕ್ಕರು.

"ಮಜ್ಜಿಗೆಯೋ ಸುಣ್ಣವೋ, ಅದಾ ಮುಖ್ಯ? ದೆವ್ವ ಕೇಳೋದು ಒಳಗೆ ಬರೋಕೆ ಪರ್ಮಿಶನ್," ಎಂದು ಪದ್ಮಪ್ರಿಯಾ ವಿವರಿಸಿದಳು. ಪುರಂದರ ಅದು ತಮ್ಮದೇ ಮಾತೆಂಬಂತೆ ತಲೆದೂಗಿದರು.

ಮಕ್ಕಳಿಗೊಂದು ಕನ್ನಡ ಕ್ಲಾಸ್ ಆಗಲಿ ಎಂದು ಚೆನ್ನಕೇಶವನ್ ನಾಲ್ಕು ವರ್ಷದಿಂದ ಪುರಂದರ ಅವರನ್ನು ಅಂಗಲಾಚುತ್ತಿದ್ದರು. "ನಾನು ಕೂತು ಅ ಆ ಇ ಈ ತಿದ್ದಿಸ್ಬೇಕಾ?" ಎಂದು ಅವರು ಪ್ರತಿ ಸಲ ಮೂಗು ಮುರಿದಿದ್ದರು. ಹೋದ ತಿಂಗಳು ಗೋಕಿಲಾ ಎದ್ದು ನಿಂತು, ತಾನು ಕಲಿಸುತ್ತೇನೆ ಎಂದಳು. ಊರಿಂದ ಅಜ್ಜ ಬರೆದ ಕಾಗದವನ್ನು ಅವಳ ಎಂಟು ವರ್ಷದ ಮಗಳು ಶ್ರೀಜಾ ತಲೆಕೆಳಗಾಗಿ ಹಿಡಿದಿದ್ದಳಂತೆ. ಅದನ್ನು ಕಂಡು ಹೊಟ್ಟೆ ಉರಿಯಿತಂತೆ.

"ಅವಳಿಗೆ ಓದೋಕೆ ಬರುತ್ತಂತೆ ಸಾರ್," ಎಂದರು ಚೆನ್ನಕೇಶವನ್.

"ಬರುತ್ತಂತೆ! ಆ ಬೆಟ್ಟದಲ್ಲಿ ಯಾರು ಕಲಿಸಿದ್ರಂತೆ, ಕರಡಿನಾ?"

ಅಕ್ಷರಕ್ಕೆ ತಮಿಳಿನವರಂತೆ 'ಎಳುತ್ತು' ಎನ್ನುವವಳು ಟೀಚರ್ ಆಗುವುದು ಪುರಂದರ ಅವರಿಗೆ ಸಹಿಸಲಾಗದ ವಿಷಯ. ಅವರೇ ಪರೀಕ್ಷೆ ಇಟ್ಟರು. ಪುಸ್ತಕದ ಒಂದು ಪುಟ ಎಲ್ಲರೆದುರು ಓದಬೇಕು. ಓದಿದರೆ ಕ್ಲಾಸ್ ಅವಳದು. ಇಲ್ಲದಿದ್ದರೆ ಆ ಮಾತನ್ನು ಯಾರೂ ಮತ್ತೆ ಎತ್ತಬಾರದು.

ಭಾನುವಾರ ಎಲ್ಲರೂ ಸೇರಿದ ಮೇಲೆ ಗೋಕಿಲಾ ಕೈಯನ್ನು ಸೆರಗಿಗೆ ಒರೆಸಿಕೊಂಡು ಪುಸ್ತಕ ತೆಗೆದುಕೊಂಡಳು. ಅದು ಪುರಂದರ ಅವರ ಕೈ ಬಿಟ್ಟದ್ದು ಅದೇ ಮೊದಲು. ಹನ್ನೊಂದು ಮಕ್ಕಳ ಹೆಸರಿದ್ದ ಪಟ್ಟಿಯನ್ನು ಚೆನ್ನಕೇಶವನ್ ಜೇಬಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು.

ಅವಳ ಬೆರಳು ಮೊದಲ ಸಾಲಿನ ಮೇಲೆ ಸರಿಯಿತು, ನಿಂತಿತು. ಹಿಂದಕ್ಕೆ ಬಂತು. ಅವಳು ಪುಟ ತಿರುವಿದಳು. ಇನ್ನೊಂದು ತಿರುವಿದಳು. ಹುಬ್ಬು ಗಂಟಿಕ್ಕಿತು.

"ಏನಮ್ಮಾ, ದೆವ್ವ ಕಂಡ್ತಾ?"

ಮತ್ತೆ ನಗು.

"ಎಳುತ್ತು ಒಂದೊಂದು ಗೊತ್ತಾಯ್ತದೆ ಸಾರ್," ಎಂದಳು ಗೋಕಿಲಾ ಮೆಲ್ಲಗೆ. "ಮಾತು ಗೊತ್ತಾಯ್ತಿಲ್ಲ."

"ಕೇಳಿದ್ರಾ? ಒಂದೊಂದು ಗೊತ್ತಾಗುತ್ತಂತೆ! ಇವರು ನಮ್ಮ ಮಕ್ಕಳಿಗೆ ಟೀಚರ್!" ಪುರಂದರ ತೊಡೆ ತಟ್ಟಿದರು. "ನೋಡಮ್ಮಾ, ಬರದಿದ್ರೆ ಬರಲ್ಲ ಅಂತ ಒಪ್ಕೊಳ್ಳೋಕೂ ಮರ್ಯಾದೆ ಬೇಕು. ಎಂಟು ತಿಂಗಳು ಇಲ್ಲಿ ಕೂತು ಎಲ್ಲಾರ ಕಣ್ಣಿಗೆ ಮಣ್ಣೆರಚಿದೆಯಲ್ಲ, ನಾಚಿಕೆ ಆಗಲ್ವಾ?"

ಪದ್ಮಪ್ರಿಯಾ ತನ್ನ ಉಗುರು ನೋಡಿಕೊಂಡಳು. ಚೆನ್ನಕೇಶವನ್ ಪಟ್ಟಿಯನ್ನು ಮಡಚತೊಡಗಿದರು. "ಹೋಗ್ಲಿ ಬಿಡಮ್ಮಾ," ಎಂದರು. ಅವರಿಗೆ ನಿಜಕ್ಕೂ ದುಃಖವಾಗಿತ್ತು. ಗೋಕಿಲಾಳ ಮುಖ ಕೆಂಪಾಗಿತ್ತು. ಅವಮಾನಕ್ಕೇ ಇರಬೇಕೆಂದು ಎಲ್ಲರೂ ತಿಳಿದರು.

"ಸಾರ್, ಇಷ್ಟು ದಿನ ನೀವು ಓದಿದ್ದು ಇದೇ ಪುಸ್ತಕಾನಾ?"

"ಮತ್ತೆ? ಒಂದಕ್ಷರ ಬಿಡದೆ!"

"ನಂಗೆ ಬರೋದು ಕನ್ನಡ ಒಂದೇ ಸಾರ್," ಎಂದು ಗೋಕಿಲಾ ಪುಸ್ತಕವನ್ನು ಅವರ ಕೈಗಿಟ್ಟಳು. "ಇದು ತೆಲುಗು."