ಸ್ಪೀಕರ್ ಇಲ್ಲದ ಪ್ಲೇಯರ್

"ಸ್ಪೀಕರ್ ಇದೆಯೋ ಇಲ್ವೋ, ಅಷ್ಟು ಹೇಳಿ," ಎಂದರು ಪುಟ್ಟಣ್ಣ.

"ಇಲ್ಲ ಸಾರ್. ಅದೇ ಇದರ ದೋಷ." ದೇವರಾಜ ಅರಸು ರಸ್ತೆಯ ಅಂಗಡಿಯ ಚನ್ನಬಸವಯ್ಯ ಬೆರಳುದ್ದದ ಪ್ಲೇಯರನ್ನು ಸರಿಸಿ, ದೊಡ್ಡದೊಂದನ್ನು ಮುಂದಿಟ್ಟರು. "ಮೈಸೂರಿಗೆ ಮೈಸೂರೇ ಇದನ್ನ ತಗೊಳ್ತಿದೆ. ಐದು ಸಾವಿರ ಹಾಡು ತುಂಬಿಸೇ ಕೊಡ್ತಾರೆ. ಸೌಂಡು ಅಂದ್ರೆ ಸೌಂಡು!"

"ಮೈಸೂರೇ ತಗೊಂಡ್ರೆ ನಾನೂ ತಗೋಬೇಕೇನ್ರೀ? ಆ ಸಣ್ಣದನ್ನ ತನ್ನಿ ಈ ಕಡೆ."

ಪಕ್ಕದಲ್ಲಿ ಮೊಮ್ಮಗಳು ಗಾರ್ಗಿ ಆಕಳಿಸುತ್ತ ನಿಂತಿದ್ದಳು. ಕಣ್ಣು ಕೆಂಪಗಾಗಿತ್ತು. ಹೋದ ವರ್ಷ ನಾಲ್ಕೇ ಅಂಕದಲ್ಲಿ ಅವಳಿಗೆ ಮೆಡಿಕಲ್ ಸೀಟು ತಪ್ಪಿತ್ತು. ಈ ಸಲದ ನೀಟ್ ಪರೀಕ್ಷೆಗೆ ಉಳಿದಿದ್ದು ಇಪ್ಪತ್ತು ದಿನ. ಮೂರನೇ ಸಲ ಬರೆಯುವ ಮಾತೇ ಇಲ್ಲವೆಂದು ಅವಳಪ್ಪ ಹೇಳಿಯಾಗಿತ್ತು.

ಚನ್ನಬಸವಯ್ಯ ದೊಡ್ಡದನ್ನು ಅವಳ ಕಡೆಗೆ ಸರಿಸಿದರು. "ಮಗು ಓದಿ ಓದಿ ಸೊರಗಿಬುಟ್ಟಿದೆ. ಒಳ್ಳೇದನ್ನೇ ಕೊಡಿಸಿ ಸಾರ್."

"ತಾತ ಹೇಳಿದ್ದೇ ಸರಿ ಅಂಕಲ್. ಸಣ್ಣದೇ ಇರ್ಲಿ," ಎಂದಳು ಗಾರ್ಗಿ.

"ಬ್ಲೂಟೂತ್?" ಪುಟ್ಟಣ್ಣ ಬಿಡಲಿಲ್ಲ. "ಬೇರೆ ಸ್ಪೀಕರಿಗೆ ಸೇರಿಸೋಕಾಗುತ್ತಾ?"

"ಆಗಲ್ಲ. ಇಯರ್‌ಫೋನ್ ಒಂದೇ ಗತಿ."

ಪುಟ್ಟಣ್ಣ ಇಯರ್‌ಫೋನನ್ನು ಚನ್ನಬಸವಯ್ಯನವರ ಕಿವಿಗೇ ಸಿಕ್ಕಿಸಿದರು. ವಾಲ್ಯೂಮ್ ಪೂರ್ತಿ ಏರಿಸಿ, ಎರಡು ಮಾರು ಹಿಂದೆ ಸರಿದು ಕಿವಿಗೊಟ್ಟರು. ಗಾರ್ಗಿಯೂ ಕಿವಿಗೊಟ್ಟಳು. ಅಂಗಡಿಯ ಯಜಮಾನರು ತಲೆದೂಗುತ್ತಿದ್ದರು. ಹಾಡು ಯಾವುದೆಂದು ಇಬ್ಬರಿಗೂ ತಿಳಿಯಲಿಲ್ಲ.

"ಇದೇ ಕೊಡಿ. ಬಣ್ಣದ ಕಾಗದ ಸುತ್ತಿ."

"ಮಗು ಎದುರಿಗೇ ಇದೆಯಲ್ಲ ಸಾರ್, ಕಾಗದ ಯಾಕೆ?"

"ಸುತ್ತಿ ಅಂದ್ರೆ ಸುತ್ರೀ!"

ಭಾನುವಾರ ಕೃಷ್ಣಮೂರ್ತಿಪುರಂನಲ್ಲಿ ಪಕ್ಕದ ಮನೆಯ ಶಿವಪ್ರಕಾಶರಿಗೆ ಅರವತ್ತರ ಶಾಂತಿ. ಊಟಕ್ಕೆ ಮೊದಲು ಪುಟ್ಟಣ್ಣ ಆ ಪೊಟ್ಟಣವನ್ನು ಅವರ ಕೈಗಿಟ್ಟರು.

ಶಿವಪ್ರಕಾಶರ ತಾರಸಿ ಗಾರ್ಗಿ ಓದುವ ಕಿಟಕಿಗೆ ಎದುರು. ಬೆಳಗಿನ ಐದಕ್ಕೆ ಅಲ್ಲಿ ದೊಡ್ಡ ಪ್ಲೇಯರ್ ಮೊಳಗದ ದಿನವಿರಲಿಲ್ಲ. ಮೂರು ಸಲ ಹೇಳಿ ನೋಡಿದ್ದಾಗಿತ್ತು. "ದೇವರ ನಾಮ ಕಿವಿಗೆ ಬಿದ್ರೆ ವಿದ್ಯೆ ಹತ್ತುತ್ತೆ ಕಣ್ರೀ," ಎಂದು ಅವರು ನಕ್ಕಿದ್ದರು.

ಈಗ ಕಾಗದ ಬಿಚ್ಚಿ ಅರಳಿಹೋದರು. "ನೇರ ಕಿವಿಗೇ ಹಾಡು! ನಾಳೆಯಿಂದ ಇದೇ ಕಣ್ರೀ. ಆ ಪೆಟ್ಟಿಗೆ ಅಟ್ಟಕ್ಕೆ."

ಪುಟ್ಟಣ್ಣ ಎರಡನೇ ಸಲ ಪಾಯಸ ಹಾಕಿಸಿಕೊಂಡರು.

ಮರುದಿನ ಐದಕ್ಕೆ ಗಾರ್ಗಿ ಪುಸ್ತಕ ತೆರೆದಳು. ಪೆಟ್ಟಿಗೆ ಮೊಳಗಲಿಲ್ಲ. ಎದುರಿನ ತಾರಸಿಯಲ್ಲಿ ಶಿವಪ್ರಕಾಶರು ಇಯರ್‌ಫೋನ್ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ, ತಮಗೊಬ್ಬರಿಗೇ ಕೇಳಿಸುತ್ತಿದ್ದ ಹಾಡಿನ ಜೊತೆ ತಾವೂ ಗಂಟಲೆತ್ತಿ ಹಾಡತೊಡಗಿದರು.